ಸಭೆಯಲ್ಲಿದ್ದ ಆಬ್ಸೆಂಟ್ ದನಿ

ಅನುವಾದ ಕಲಿಯುತ್ತಿರುವವರಿಗಾಗಿ ನಡೆದ ಎರಡು ದಿನದ ಕಮ್ಮಟವೊಂದರಲ್ಲಿ ಆಡಿದ ಮಾತುಗಳಿವು. ನನ್ನ ಸರದಿ ಬಂದದ್ದು ಮಧ್ಯಾಹ್ನದ ಊಟ ಆದ ಮೇಲೆ. ಊಟಕ್ಕೆ ಬಿಸಿಬೇಳೆಬಾತ್ ಇತ್ತು. ಹಾಗಾಗಿ ಮುಂದಿನ ಸಾಲಿನವರು ತೂಕಡಿಸದಂತೆ ನೋಡಿಕೊಳ್ಳುವ ಕೆಲಸವೂ ನನ್ನದೇ ಆಗಿತ್ತು. ಬರಹಕ್ಕೆ ಇಳಿಸುವಾಗ ಒಂದೆರಡು ಕಡೆ ತಿದ್ದಿದ್ದೇನೆ. ಮಾತಿನ ಧಾಟಿಯನ್ನು ಹಾಗೇ ಬಿಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ.

ನನಗೆ ಕೊಟ್ಟಿರುವ ವಿಷಯ ‘ಅನುವಾದದಲ್ಲಿ ಪದಗಳ ಆಯ್ಕೆ’. ಅಷ್ಟು ದೊಡ್ಡ ವಿಷಯವನ್ನು ಮುಕ್ಕಾಲು ಗಂಟೆಯಲ್ಲಿ ಹೇಳಲು ನನ್ನಿಂದ ಆಗುವುದಿಲ್ಲ. ಬದಲಿಗೆ ಒಂದೇ ಒಂದು ಇಂಗ್ಲಿಷ್ ಪದದ ಕಥೆ ಹೇಳುತ್ತೇನೆ. ಆ ಪದ ನನ್ನ ಮಾನ ಕಳೆದಿದೆ. ನನ್ನ ಮಾನ ಹೋಗಿದ್ದರೆ ಪರವಾಗಿರಲಿಲ್ಲ, ಇನ್ನೊಬ್ಬರಿಗೂ ಪೆಟ್ಟು ಬಿತ್ತು.

ಪದ ಯಾವುದು ಅಂದರೆ ‘ಆಬ್ಸೊನೆಂಟ್’. ಕೇಳಿದ್ದೀರಾ? ಕೈ ಎತ್ತಿ ನೋಡೋಣ. ಯಾರೂ ಇಲ್ಲ. ಸಂತೋಷ. ಅರ್ಥ ಇಷ್ಟೇ: ಶ್ರುತಿಗೆ ಸೇರದ್ದು, ಹೊಂದಿಕೆಯಾಗದ್ದು.

ಸುಮಾರು ವರ್ಷಗಳ ಹಿಂದೆ ಒಂದು ಸಂಸ್ಥೆಗೆ ಐವತ್ತು ವರ್ಷ ತುಂಬಿತು. ಸ್ಮರಣ ಸಂಚಿಕೆ ತಂದರು. ಅರ್ಧ ಕನ್ನಡ, ಅರ್ಧ ಇಂಗ್ಲಿಷ್. ಸಂಸ್ಥೆಯ ಇತಿಹಾಸವನ್ನು ಇಂಗ್ಲಿಷಿಗೆ ಮಾಡಿಕೊಡಿ ಅಂತ ನನಗೆ ಒಪ್ಪಿಸಿದರು. ಅದರಲ್ಲಿ ಒಂದು ಹಳೆಯ ಸಭೆಯ ಪ್ರಸ್ತಾಪ ಇತ್ತು. ಸಂಸ್ಥೆಯ ಆಟದ ಮೈದಾನದಲ್ಲಿ ಒಂದು ಭಾಗ ಮಾರಬೇಕು ಅಂತ ಎಲ್ಲರೂ ತೀರ್ಮಾನ ಮಾಡಿದ್ದರು. ಒಬ್ಬ ಮೇಷ್ಟ್ರು ಮಾತ್ರ ಎದ್ದು ನಿಂತು ‘ಕೂಡದು’ ಅಂದಿದ್ದರು. ಕನ್ನಡದಲ್ಲಿ ಅದನ್ನು ಹೀಗೆ ಬರೆದಿದ್ದರು: ‘ಸಭೆಯಲ್ಲಿ ಒಂದೇ ಒಂದು ಅಪಸ್ವರ ಕೇಳಿಬಂತು.’

ಸೀದಾ ಸಾದಾ ವಾಕ್ಯ, ಅಲ್ವಾ? ನಮ್ಮ ಪತ್ರಿಕೆಗಳು ದಿನಾ ಬರೆಯುವ ವಾಕ್ಯ. ಆದರೆ ನನಗೆ ಆಗ ಹೊಸ ಹುಮ್ಮಸ್ಸು. ಅಪಸ್ವರಕ್ಕೆ ಸ್ವರದ ನಂಟು ಇರುವ ಪದವೇ ಬೇಕು ಅಂತ ನಿಘಂಟು ತಿರುವಿದೆ. ‘ಡಿಸೆಂಟಿಂಗ್’ ಅಂದರೆ ಸಂಗೀತ ಹೋಗುತ್ತೆ. ‘ಡಿಸ್ಕಾರ್ಡೆಂಟ್’ ತೀರಾ ಮಾಮೂಲು ಅನ್ನಿಸಿತು. ಕೊನೆಗೆ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ‘ಆಬ್ಸೊನೆಂಟ್’ ಸಿಕ್ಕಿತು. ‘ಒನ್ ಆಬ್ಸೊನೆಂಟ್ ವಾಯ್ಸ್’ ಅಂತ ಬರೆದು, ಬೀಗಿ, ಕಳಿಸಿಕೊಟ್ಟೆ.

ಸಂಚಿಕೆ ಅಚ್ಚಾಗಿ ಬಂತು. ಬಿಡಿಸಿ ನೋಡಿದರೆ, ‘ದೇರ್ ವಾಸ್ ಓನ್ಲಿ ಒನ್ ಆಬ್ಸೆಂಟ್ ವಾಯ್ಸ್ ಇನ್ ದ ಮೀಟಿಂಗ್’.

ಡಿಟಿಪಿ ಮಾಡಿದವರೋ, ಪ್ರೂಫ್ ನೋಡಿದವರೋ, ಯಾರೋ ನನ್ನ ಪದವನ್ನು ಕೈತಪ್ಪು ಅಂದುಕೊಂಡು ತಿದ್ದಿದ್ದರು. ಅವರನ್ನು ನಾನು ದೂರುವುದಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಆದರೆ ಏನಾಯಿತು ನೋಡಿ. ಅಷ್ಟು ಜನರ ಎದುರು ಒಬ್ಬರೇ ಎದ್ದು ನಿಂತ ಮನುಷ್ಯ ಇಂಗ್ಲಿಷಿನಲ್ಲಿ ಸಭೆಗೇ ಬಂದಿರಲಿಲ್ಲ!

ಆ ಮೇಷ್ಟ್ರ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಈ ಪದ ಎಲ್ಲಿಂದ ಬಂತು ನೋಡೋಣ. ತಪ್ಪು ಮಾಡಿದ ಮೇಲೆ ಇದರ ಹಿಂದೆ ಬಿದ್ದೆ. ಮೊದಲೇ ಬೀಳಬೇಕಿತ್ತು.

ಲ್ಯಾಟಿನ್‌ನಲ್ಲಿ ‘ಸೋನುಸ್’ ಅಂದರೆ ಸದ್ದು, ನಾದ. ‘ಅಬ್’ ಅಂದರೆ ದೂರ, ಆಚೆ. ಎರಡೂ ಸೇರಿ ‘ಅಬ್ಸೋನುಸ್’, ನಾದದಿಂದ ಆಚೆ ಸರಿದದ್ದು. ರೋಮಿನ ಹೆಸರಾಂತ ಭಾಷಣಕಾರ ಸಿಸೆರೊ ಕ್ರಿಸ್ತಪೂರ್ವ 55ರಲ್ಲಿ ಭಾಷಣಕಲೆಯ ಬಗ್ಗೆ ಬರೆದ ಪುಸ್ತಕದಲ್ಲಿ ಈ ಪದ ಬರುತ್ತದೆ. ಕೆಲವರ ನಾಲಿಗೆ ತೊದಲುತ್ತೆ, ಕೆಲವರ ದನಿ ‘ಅಬ್ಸೋನುಸ್’, ಕೆಲವರ ಮುಖ, ಮೈಕೈ ಚಲನೆ ಒರಟು, ಇಂಥವರು ಎಷ್ಟು ಬುದ್ಧಿವಂತರಾದರೂ ಒಳ್ಳೆಯ ಭಾಷಣಕಾರರಾಗಲಾರರು ಎಂಬ ಅರ್ಥದ ಮಾತು ಅಲ್ಲಿದೆ. ಇದನ್ನು ಭಾಷಣ ಮಾಡುತ್ತಾ ಹೇಳುವುದು ಸ್ವಲ್ಪ ಅಪಾಯ. ಬೇರೆ ವಿಷಯಕ್ಕೆ ಹೋಗೋಣ.

ಇದಕ್ಕೊಬ್ಬ ಅಣ್ಣ ಇದ್ದಾನೆ, ‘ಅಬ್ಸುರ್ದುಸ್’. ಅದರ ಮೊದಲ ಅರ್ಥವೂ ಬೇಸುರ, ಕಿವಿಗೆ ಒಗ್ಗದ್ದು. ಅಲ್ಲಿಂದ ಮನಸ್ಸಿಗೆ ಒಗ್ಗದ್ದು ಅಂತಾಯಿತು. ಆಮೇಲೆ ತಲೆಬುಡ ಇಲ್ಲದ್ದು ಅಂತಾಯಿತು. ಇಂಗ್ಲಿಷಿಗೆ 16ನೇ ಶತಮಾನದಲ್ಲಿ ‘ಅಬ್ಸರ್ಡ್’ ಆಗಿ ಬಂದು ಇವತ್ತಿಗೂ ಎಲ್ಲರ ಬಾಯಲ್ಲಿದೆ. ಆ ಪದದ ಹೊಟ್ಟೆಯಲ್ಲಿ ಒಂದು ಕೆಟ್ಟ ಹಾಡು ಇದೆ ಅಂತ ಯಾರಿಗೂ ನೆನಪಿಲ್ಲ.

ನಾವು ಬೇರೆಯವರೇನಲ್ಲ. ಬುಡ ಇಲ್ಲದ ಮಾತಿಗೆ ನಾವು ಏನಂತೇವೆ? ‘ತಾಳಮೇಳ ಇಲ್ಲದ ಮಾತು.’ ರೋಮಿನವನಿಗೂ ನಮ್ಮಜ್ಜಿಗೂ ಪರಿಚಯ ಇರಲಿಲ್ಲ. ಆದರೂ ಇಬ್ಬರೂ ಪೆದ್ದು ಮಾತನ್ನು ಕಚೇರಿ ಕೆಟ್ಟ ಹಾಗೆಯೇ ಕೇಳಿಸಿಕೊಂಡಿದ್ದಾರೆ. ಅಬ್ಸರ್ಡ್ ಅನ್ನುವುದಕ್ಕೆ ವಿಮರ್ಶಕರು ‘ಅಸಂಗತ’ ಅಂತ ಬಳಸುತ್ತಾರೆ. ಕೇಳಿದರೆ ಸಂಗೀತದ ನೆಂಟ ಅನ್ನಿಸುತ್ತೆ. ಅಲ್ಲ. ‘ಸಂಗತ’ದಲ್ಲಿರುವುದು ಹೋಗುವ ಧಾತು, ‘ಸಂಗೀತ’ದಲ್ಲಿರುವುದು ಹಾಡುವ ಧಾತು. ಸಂಗೀತದ ವಾಸನೆ ನಿಜವಾಗಿ ಇರುವುದು ‘ತಾಳಮೇಳ ಇಲ್ಲದ್ದು’ ಅನ್ನುವ ಮಾತಿನಲ್ಲೇ. ನಾನಾದರೆ ಎಷ್ಟೋ ಕಡೆ ಅದನ್ನೇ ಬಳಸುತ್ತೇನೆ.

ಇನ್ನೊಂದು ಸಣ್ಣ ವಿಷಯ. ಗಣಿತದಲ್ಲಿ ‘ಸರ್ಡ್’ ಅಂತ ಓದಿದ್ದೀರಲ್ಲ, ವರ್ಗಮೂಲ ಎರಡು, ವರ್ಗಮೂಲ ಮೂರು? ನಮ್ಮ ಪಠ್ಯದಲ್ಲಿ ‘ಕರಣಿ’. ಅದೂ ಇದೇ ಮನೆಯದು. ಲ್ಯಾಟಿನ್ ‘ಸುರ್ದುಸ್’ ಅಂದರೆ ಕಿವುಡ. ಅರಬ್ ಗಣಿತಜ್ಞರು ಭಿನ್ನರಾಶಿಯಲ್ಲಿ ಹೇಳಲಾಗದ ಇಂಥ ಮೂಲಗಳನ್ನು ‘ಅಸಮ್ಮ್’, ಕಿವುಡು ಅಂತ ಕರೆದರು. 12ನೇ ಶತಮಾನದಲ್ಲಿ ಅರಬ್ಬಿಯಿಂದ ಲ್ಯಾಟಿನ್ನಿಗೆ ಅನುವಾದ ಮಾಡಿದವರು ಅದನ್ನು ಹಾಗೇ ‘ಸುರ್ದುಸ್’ ಅಂದರು. ನಮ್ಮಂಥವರೇ, ಅನುವಾದಕರು. ಪದಕ್ಕೆ ಪದ ಇಟ್ಟರು. ಆ ಕಿವುಡು ಇಂದಿಗೂ ಪ್ರತಿ ಪರೀಕ್ಷೆಯಲ್ಲಿ ಮಕ್ಕಳನ್ನು ಕಾಡುತ್ತಿದೆ. ಕನ್ನಡದ ಮಕ್ಕಳು ಬಚಾವ್. ‘ಕರಣಿ’ ಸಂಸ್ಕೃತದ ಶುಲ್ಬಸೂತ್ರಗಳಿಂದ ಬಂದ ಪದ, ಕಿವಿಯ ಗೊಡವೆಗೇ ಹೋಗುವುದಿಲ್ಲ.

ಸರಿ, ಆಬ್ಸೊನೆಂಟ್‌ಗೆ ವಾಪಸ್ ಬರೋಣ. 1913ರ ವೆಬ್‌ಸ್ಟರ್ ನಿಘಂಟಿನಲ್ಲಿ ಅದಕ್ಕೆ ಒಂದೇ ಒಂದು ಉದಾಹರಣೆ ಇದೆ. 17ನೇ ಶತಮಾನದ ಕವಿ ಫ್ರಾನ್ಸಿಸ್ ಕ್ವಾರ್ಲ್ಸ್‌ನದು: ‘ಆಬ್ಸೊನೆಂಟ್ ಟು ನೇಚರ್’, ಅಂದರೆ ಪ್ರಕೃತಿಗೆ ಒಗ್ಗದ್ದು. ಅದರ ಪಕ್ಕದಲ್ಲೇ ‘ಆಬ್ಸೊನಸ್’ ಅಂತ ಇನ್ನೊಂದು ರೂಪ ಇದೆ. ಅದಕ್ಕೆ ಅದೇ ಶತಮಾನದ ಲೇಖಕ ಜೋಸೆಫ್ ಗ್ಲಾನ್‌ವಿಲ್‌ನ ಉದಾಹರಣೆ: ‘ಆಬ್ಸೊನಸ್ ಟು ಅವರ್ ರೀಸನ್’, ನಮ್ಮ ವಿವೇಕಕ್ಕೆ ಒಗ್ಗದ್ದು. ಎರಡನ್ನೂ ಸರಿಯಾಗಿ ನೋಡಿ. ಒಂದರಲ್ಲೂ ಹಾಡಿಲ್ಲ, ತಂತಿ ಇಲ್ಲ, ದನಿ ಇಲ್ಲ. ನಾದದಿಂದ ಹುಟ್ಟಿದ ಪದ ಇಂಗ್ಲಿಷಿಗೆ ಬರುವ ಹೊತ್ತಿಗೆ ನಾದವನ್ನು ಬಿಟ್ಟು ತರ್ಕಕ್ಕೆ ಸೇರಿಕೊಂಡಿತ್ತು. ಎರಡೂ ಕಡೆ ‘ಟು’ ಇದೆ. ಯಾವುದಕ್ಕೆ ಒಗ್ಗದ್ದು ಅಂತ ಹೇಳಿದ್ದಾರೆ. ನಾನು ಏನು ಮಾಡಿದ್ದೆ? ‘ಟು’ ಇಲ್ಲದೆ, ಸುಮ್ನೆ ದನಿಯ ಮುಂದೆ ವಿಶೇಷಣವಾಗಿ ನಿಲ್ಲಿಸಿದ್ದೆ. ಸಂಗೀತ ಉಳಿಸಲು ಹೋಗಿ ಸಂಗೀತ ಬಿಟ್ಟುಕೊಟ್ಟ ಪದವನ್ನೇ ಹುಡುಕಿ ತಂದಿದ್ದೆ. ನಿಘಂಟಿನಲ್ಲಿ ಅರ್ಥ ಓದಿ ಪುಟ ಮುಚ್ಚಿದರೆ ಹೀಗೇ ಆಗುವುದು. ಉದಾಹರಣೆಯ ಸಾಲನ್ನೂ ಓದಬೇಕು.

ಅದಕ್ಕಿಂತ ದೊಡ್ಡ ತಮಾಷೆ ಇದೆ. ನಾನು ಮಾಮೂಲು ಅಂತ ಬಿಟ್ಟ ‘ಡಿಸ್ಕಾರ್ಡ್’ ಇದೆಯಲ್ಲ, ಅದರ ಮೂಲ ತಂತಿಯೂ ಅಲ್ಲ, ಸ್ವರವೂ ಅಲ್ಲ. ಲ್ಯಾಟಿನ್‌ನ ‘ಕೋರ್’, ಹೃದಯ. ಮನಸ್ಸು ಬೇರೆ ಬೇರೆ ಆದದ್ದು ಡಿಸ್ಕಾರ್ಡ್. ಹಾಗೆ ನೋಡಿದರೆ ನಮ್ಮ ಮೇಷ್ಟ್ರಿಗೆ ಅದಕ್ಕಿಂತ ಒಳ್ಳೆಯ ಪದ ಇರಲಿಲ್ಲ. ‘ಹಾರ್ಮನಿ’ಯೂ ಮೊದಲಿಗೆ ಸಂಗೀತದ್ದಲ್ಲ. ಗ್ರೀಕ್‌ನಲ್ಲಿ ‘ಹಾರ್ಮೋಸ್’ ಅಂದರೆ ಕೀಲು, ಜೋಡಣೆ. ಹಲಗೆಗೆ ಹಲಗೆ ಕೂರುತ್ತಲ್ಲ, ಅದು. ಬಡಗಿಯ ಕೆಲಸದ ಮಾತು.

ಈ ಕೆಲಸದ ಮಾತು ಅಂದೆನಲ್ಲ, ಅಲ್ಲಿ ಸ್ವಲ್ಪ ನಿಲ್ಲಬೇಕು.

ಬೇಸುರಕ್ಕೆ ಇಂಗ್ಲಿಷಿನಲ್ಲಿ ಇನ್ನೊಂದು ಅಪರೂಪದ ಪದ ಇದೆ. ಪದ ಅಪರೂಪ ಅಲ್ಲ, ಅರ್ಥ ಅಪರೂಪ. ‘ವುಲ್ಫ್’. ತೋಳ.

ತಂಬೂರಿ ಶ್ರುತಿ ಮಾಡುವುದನ್ನು ಹತ್ತಿರದಿಂದ ನೋಡಿದ್ದೀರಾ? ನಡುವಿನ ಎರಡು ತಂತಿ ಒಂದೇ ಸ್ವರಕ್ಕೆ ಬರಬೇಕು. ಬಿರಡೆ ತಿರುಗಿಸುತ್ತಾ ಹೋಗುತ್ತಾರೆ. ಹತ್ತಿರ ಬಂದಾಗ ‘ವಾಂ... ವಾಂ... ವಾಂ...’ ಅಂತ ಒಂದು ಅಲೆ ಕೇಳಿಸುತ್ತೆ. ಒಂದು ತಂತಿ ಸೆಕೆಂಡಿಗೆ 240 ಸಲ, ಇನ್ನೊಂದು 243 ಸಲ ಕಂಪಿಸಿದರೆ, ಆ ‘ವಾಂ’ ಸೆಕೆಂಡಿಗೆ ಮೂರು ಸಲ. ಇನ್ನೂ ಹತ್ತಿರ ಬಂದರೆ ಅಲೆ ನಿಧಾನ ಆಗುತ್ತೆ. ಆಮೇಲೆ ಮಣಿಯನ್ನು ಬೆರಳ ತುದಿಯಲ್ಲಿ ಒಂದು ಕೂದಲಿನಷ್ಟು ಜರುಗಿಸುತ್ತಾರೆ. ಅಲೆ ನಿಂತುಹೋಗುತ್ತೆ. ಎರಡು ತಂತಿ ಇದ್ದದ್ದು ಒಂದೇ ಆಗುತ್ತೆ. ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 1863ರಲ್ಲಿ ಬೇಸುರದ ಗುಟ್ಟು ಇಂಥ ಅಲೆಗಳಲ್ಲಿದೆ ಅಂತ ವಿವರಿಸಿದ. ಅಲೆ ನಿಧಾನವಾಗಿದ್ದರೆ ಕಿವಿ ಸಹಿಸುತ್ತೆ, ಬೇಗ ಬೇಗ ಬಂದರೆ ಅದು ಗರಗರ ಆಗುತ್ತೆ ಅನ್ನುವುದು ಅವನ ವಾದದ ತಿರುಳು. ತಂಬೂರಿ ಹಿಡಿದವರಿಗೆ ಅಲೆ ಗೊತ್ತೇ ಇತ್ತು, ಲೆಕ್ಕ ಅವನದು.

ಈಗ ಒಂದು ಸಮಸ್ಯೆ. ಸ ದಿಂದ ಪ ಗೆ ಹೋಗಲು ಕಂಪನವನ್ನು ಒಂದೂವರೆ ಪಟ್ಟು ಮಾಡಬೇಕು. ಮೇಲಿನ ಸ ಗೆ ಹೋಗಲು ಎರಡು ಪಟ್ಟು. ಒಂದೂವರೆಯಿಂದ ಹನ್ನೆರಡು ಸಲ ಗುಣಿಸುತ್ತಾ ಹೋದರೆ ಎಲ್ಲ ಹನ್ನೆರಡು ಸ್ವರಗಳ ಮನೆಗಳನ್ನೂ ಸುತ್ತಿ ಶುರು ಮಾಡಿದ ಸ್ವರಕ್ಕೇ ವಾಪಸ್ ಬರಬೇಕು. ಲೆಕ್ಕ ಹಾಕಿ. ಸುಮಾರು 129.75 ಬರುತ್ತೆ. ಎರಡರಿಂದ ಏಳು ಸಲ ಗುಣಿಸಿದರೆ 128. ಸೇರುವುದಿಲ್ಲ! ಸ್ವಲ್ಪ ಉಳಿದೇ ಉಳಿಯುತ್ತೆ. ಇದು ಯಾರ ತಪ್ಪೂ ಅಲ್ಲ, ಅಂಕಿಗಳೇ ಹಾಗಿವೆ.

ನಮ್ಮ ಹಾಡುಗಾರರಿಗೆ ಇದರಿಂದ ಅಂಥ ತೊಂದರೆ ಇಲ್ಲ. ಒಂದು ಸ ಹಿಡಿದು ಕೂತರೆ ಮುಗಿಯಿತು. ಆದರೆ ಯುರೋಪಿನ ಚರ್ಚುಗಳ ಆರ್ಗನ್ ಬೇರೆ. ಅಲ್ಲಿ ಒಂದೊಂದು ಮನೆಗೂ ಒಂದೊಂದು ಕೊಳವೆ. ಒಮ್ಮೆ ಶ್ರುತಿ ಮಾಡಿದರೆ ಅದೇ ಗತಿ. ಬಾರಿಸುವಾಗ ಬೇಕಾದ ಹಾಗೆ ಜರುಗಿಸಲು ಬರುವುದಿಲ್ಲ. ಮೂರನೆಯ ಸ್ವರಗಳೂ ಇಂಪಾಗಿರಲಿ ಅಂತ ಅವರು ಹನ್ನೊಂದು ಪಂಚಮಗಳನ್ನು ಒಂದು ಅಳತೆಗೆ ಹೊಂದಿಸಿದರು. ಹೊಂದದ ಬಾಕಿಯನ್ನೆಲ್ಲ ಹನ್ನೆರಡನೆಯದಕ್ಕೆ ತಳ್ಳಿದರು. ಕಸ ಗುಡಿಸಿ ಮಂಚದ ಕೆಳಗೆ ತಳ್ಳುತ್ತೇವಲ್ಲ, ಹಾಗೆ. ಸಾಮಾನ್ಯವಾಗಿ ಜಿ-ಶಾರ್ಪ್ ಮತ್ತು ಇ-ಫ್ಲ್ಯಾಟ್ ಅನ್ನುವ ಎರಡು ಸ್ವರಗಳ ನಡುವೆ. ಆ ಎರಡನ್ನು ಒಟ್ಟಿಗೆ ಒತ್ತಿದರೆ ಆರ್ಗನ್ ಊಳಿಡುತ್ತಿತ್ತು. ಅದಕ್ಕೇ ‘ವುಲ್ಫ್’ ಅಂತ ಹೆಸರು.

ದೊಡ್ಡ ಪಿಟೀಲಿನಂಥ ಚೆಲೋ ನುಡಿಸುವವರಿಗೂ ಒಂದು ತೋಳ ಇದೆ. ಬೇರೆ ಜಾತಿಯದು. ವಾದ್ಯದ ಮರದ ಮೈಗೆ ತನ್ನದೇ ಒಂದು ಸ್ವರ ಇರುತ್ತೆ. ತಂತಿಯಲ್ಲಿ ನುಡಿಸುವ ಸ್ವರ ಅದಕ್ಕೆ ತಾಗಿದರೆ ತಂತಿಯೂ ಮರವೂ ಜಗ್ಗಾಡತೊಡಗುತ್ತವೆ, ನಾದ ತೊದಲುತ್ತೆ. ಅದನ್ನು ಸುಮ್ಮನಾಗಿಸಲು ಕುದುರೆಯ (ತಂತಿಗಳನ್ನು ಹೊತ್ತು ನಿಲ್ಲುವ ಮರದ ತುಂಡು) ಆಚೆ, ತಂತಿಯ ಬಾಲದ ಕಡೆ, ರಬ್ಬರ್ ಒಳಗಿರುವ ಒಂದು ಪುಟ್ಟ ಹಿತ್ತಾಳೆ ಕೊಳವೆಯನ್ನು ಸಿಕ್ಕಿಸುತ್ತಾರೆ. ತೋಳದ ಬಾಯಿಗೆ ಬುತ್ತಿ ಕೊಟ್ಟ ಹಾಗೆ.

ನೋಡಿ, ಎರಡು ಪದ. ಎರಡರ ಅರ್ಥವೂ ಹೊಂದಿಕೆ ಇಲ್ಲದ್ದು. ಒಂದನ್ನು ಓದಿಕೊಂಡವರು ಲ್ಯಾಟಿನ್ನಿಂದ ಇಳಿಸಿಕೊಂಡರು. ಇನ್ನೊಂದನ್ನು ಕೆಲಸ ಮಾಡುವವರು ಕಿವಿಯಿಂದ ಹುಟ್ಟಿಸಿದರು. ಯಾವುದು ಉಳಿಯಿತು ಅಂತ ನಾನು ಹೇಳಬೇಕಾಗಿಲ್ಲ. ಕನ್ನಡದಲ್ಲೂ ಅಷ್ಟೇ. ‘ವಿಸಂವಾದಿ ಧ್ವನಿ’ ಅಂತ ಬರೆಯಬಹುದು. ‘ಒಡಕು ದನಿ’ ಅಂದರೆ ಕಿವಿಗೇ ತಾಗುತ್ತೆ. ಸಂತೆಯಲ್ಲಿ ಮಡಕೆ ಕೊಳ್ಳುವಾಗ ಅಮ್ಮ ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತಿದ್ದಳು. ಚೆನ್ನಾಗಿದ್ದರೆ ‘ಠಣ್’. ಒಡಕಿದ್ದರೆ ‘ಟಪ್’. ಅವಳು ಮಾತೇ ಆಡದೆ ಪಕ್ಕದ ಮಡಕೆಗೆ ಕೈ ಹಾಕುತ್ತಿದ್ದಳು.

ಹಾಗಂತ ಅಪರೂಪದ ಪದ ಬಳಸಲೇಬಾರದು ಅಂತ ನಾನು ಹೇಳುತ್ತಿಲ್ಲ. ಹಾಗೆ ಹೇಳುವವರು ಹಿಂದೆಯೂ ಇದ್ದರು, ಅವರ ಮಾತು ಪೂರ್ತಿ ನಡೆಯಲಿಲ್ಲ.

16ನೇ ಶತಮಾನದ ಇಂಗ್ಲೆಂಡಿನಲ್ಲಿ ಇದರ ಬಗ್ಗೆ ದೊಡ್ಡ ಜಗಳವೇ ಆಯಿತು. ಲ್ಯಾಟಿನ್ ಪದಗಳನ್ನು ಬುಟ್ಟಿಗಟ್ಟಲೆ ತಂದು ಸುರಿಯುತ್ತಿದ್ದರು. ಬೇಡ ಅಂದವರು ಅವುಗಳಿಗೆ ‘ಇಂಕ್‌ಹಾರ್ನ್’ ಪದಗಳು ಅಂತ ಹೆಸರಿಟ್ಟರು. ಇಂಕ್‌ಹಾರ್ನ್ ಅಂದರೆ ಕೊಂಬಿನಿಂದ ಮಾಡಿದ ಮಸಿಕುಡಿಕೆ. ನಾಲಿಗೆಯಿಂದ ಬಂದ ಪದ ಅಲ್ಲ, ಮಸಿಕುಡಿಕೆಯಿಂದ ಬಂದದ್ದು ಅಂತ ಹೀಯಾಳಿಕೆ. 1553ರಲ್ಲಿ ಥಾಮಸ್ ವಿಲ್ಸನ್ ಎಂಬವನು ತನ್ನ ಪುಸ್ತಕದಲ್ಲಿ ಇಂಥ ಪದಗಳೇ ತುಂಬಿದ ಒಂದು ಅಣಕು ಪತ್ರ ಹಾಕಿದ. ಓದಿದವರು ನಗಲಿ ಅಂತ. ಅದರಲ್ಲಿ ‘ರೆವೊಲ್ಯೂಟಿಂಗ್’, ‘ಇನ್‌ಜೆಂಟ್’, ‘ಮ್ಯಾಗ್ನಿಫಿಕಲ್’ ಇವೆ. ಇವತ್ತು ಓದಿದರೂ ನಗು ಬರುತ್ತೆ. ಆದರೆ ಅದೇ ಪತ್ರದಲ್ಲಿ, ಅದೇ ಗೇಲಿಗೆ ಅಂತ ಸೇರಿಸಿದ್ದು ಇನ್ನೂ ಇವೆ: ‘ಸೆಲೆಬ್ರೇಟ್’, ‘ಕೆಪಾಸಿಟಿ’, ‘ಡೆಕ್ಸ್‌ಟೆರಿಟಿ’. ಯಾರಾದರೂ ನಗುತ್ತೀರಾ? ‘ಬರ್ತ್‌ಡೇ ಸೆಲೆಬ್ರೇಟ್ ಮಾಡೋಣ’ ಅಂತ ನಮ್ಮ ಮನೆಯ ಕೂಸೂ ಹೇಳುತ್ತೆ. ನಾಲ್ಕು ವರ್ಷ ಆದ ಮೇಲೆ, 1557ರಲ್ಲಿ, ಸರ್ ಜಾನ್ ಚೀಕ್ ಎಂಬ ವಿದ್ವಾಂಸ ಒಂದು ಕಾಗದ ಬರೆದ. ನಮ್ಮ ನುಡಿಯನ್ನು ಶುದ್ಧವಾಗಿ, ಬೇರೆ ನುಡಿಗಳ ಸಾಲ ಬೆರೆಸದೆ ಬರೆಯಬೇಕು ಅಂತ ಅವನ ವಾದ. ಆ ವಾಕ್ಯದಲ್ಲೇ ‘ಪ್ಯೂರ್’ ಅಂತ ಬಳಸಿದ್ದಾನೆ. ಅದು ಫ್ರೆಂಚ್‌ನಿಂದ ಬಂದ ಸಾಲ.

ನಮ್ಮಲ್ಲೂ ಅರಿಸಮಾಸ ಅಂತ ಒಂದು ದೋಷ ಇದೆ. ಅರಿ ಅಂದರೆ ವೈರಿ. ಕನ್ನಡ ಪದ ಅಥವಾ ತದ್ಭವ, ಅದಕ್ಕೆ ಸಂಸ್ಕೃತ ಪದ, ಎರಡನ್ನೂ ಸೇರಿಸಿ ಸಮಾಸ ಮಾಡಬಾರದು. ಮಾಡಿದರೆ ವೈರಿಗಳನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿದ ಹಾಗೆ. ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಆದರೆ ‘ಮಂಗಳ’ ಸಂಸ್ಕೃತ, ‘ಆರತಿ’ ತದ್ಭವ. ‘ಮಂಗಳಾರತಿ’ ಅರಿಸಮಾಸ. ದೇವರ ಮುಂದೆ ದಿನಾ ಎತ್ತುತ್ತೇವೆ, ಹೇಳದೆ ಕೇಳದೆ ತಡವಾಗಿ ಮನೆಗೆ ಬಂದರೆ ನಮಗೂ ಎತ್ತುತ್ತಾರೆ. ಒಬ್ಬರಿಗೂ ಅದು ಕಿವಿಗೆ ಚುಚ್ಚುವುದಿಲ್ಲ.

ಅಂದರೆ ಹೊಂದುತ್ತದೋ ಇಲ್ಲವೋ ಅನ್ನುವುದು ಪದದೊಳಗೆ ಇಲ್ಲ. ಅಕ್ಕಪಕ್ಕದಲ್ಲಿ ಇದೆ, ಬಳಸಿ ಬಳಸಿ ಆದ ರೂಢಿಯಲ್ಲಿ ಇದೆ. ಇದನ್ನು ನಮ್ಮ ಸಂಗೀತದವರಷ್ಟು ಚೆನ್ನಾಗಿ ಯಾರೂ ತಿಳಿದಿಲ್ಲ ಅಂತ ನನಗೆ ಅನ್ನಿಸುತ್ತೆ. ಇಲ್ಲಿ ಹಾಡುವವರು ಇದ್ದರೆ ನಾನು ತಪ್ಪಿದ ಕಡೆ ತಿದ್ದಿ.

ಶಾರ್ಙ್ಗದೇವನ ಹಳೆಯ ಸಂಗೀತಶಾಸ್ತ್ರ ಗ್ರಂಥ ಸಂಗೀತ ರತ್ನಾಕರದಲ್ಲಿ ಸ್ವರಗಳನ್ನು ನಾಲ್ಕಾಗಿ ಹೇಳುತ್ತಾರೆ. ವಾದಿ ರಾಜ. ಸಂವಾದಿ ಮಂತ್ರಿ. ವಿವಾದಿ ವೈರಿ. ಅನುವಾದಿ ಆಳು. ಕೇಳಿದಿರಾ? ಅನುವಾದಿ. ನಾವೇ! ವಾದಿ ಹೇಳಿದ್ದನ್ನು ಹಿಂದಿನಿಂದ ಹೇಳಿಕೊಂಡು ಬರುವ ಆಳು. ಸ್ಮರಣ ಸಂಚಿಕೆಯಲ್ಲಿ ನಾನು ಮಾಡಿದ್ದು ಇದೇ. ಅನುವಾದಿ ಆಗಿ ಇರಬೇಕಾದವನು ವಿವಾದಿ ಆದೆ.

ಆದರೆ ವಿವಾದಿಯನ್ನು ಅವರು ಹೊರಗೆ ಹಾಕಲಿಲ್ಲ. ಕರ್ನಾಟಕ ಸಂಗೀತದ 72 ಮೇಳಕರ್ತಗಳಲ್ಲಿ, ಅಂದರೆ ಮೂಲ ರಾಗಗಳಲ್ಲಿ, 40 ವಿವಾದಿ ಮೇಳಗಳು. ಅರ್ಧಕ್ಕಿಂತ ಜಾಸ್ತಿ! ನಾಟ ರಾಗ ತೆಗೆದುಕೊಳ್ಳಿ. ಅದರ ರಿಷಭ ಷಟ್‌ಶ್ರುತಿ ರಿಷಭ. ಹೆಸರು ‘ರಿ’, ಕೂತಿರುವುದು ಸಾಧಾರಣ ಗಾಂಧಾರದ ಜಾಗದಲ್ಲಿ. ಅದರ ಮೇಲಿನ ಮನೆಯಲ್ಲೇ ಅಂತರ ಗಾಂಧಾರ. ರಿ ಮತ್ತು ಗ ಒಂದಕ್ಕೊಂದು ಭುಜ ತಾಗಿಸಿಕೊಂಡು ನಿಂತಿವೆ. ಬಸ್ಸಿನಲ್ಲಿ ಇಬ್ಬರ ಸೀಟಿನಲ್ಲಿ ಮೂರನೆಯವರು ಕೂತ ಹಾಗೆ. ಶಾಸ್ತ್ರದ ಪ್ರಕಾರ ಇದು ದೋಷ. ಆದರೂ ಎಷ್ಟೋ ಕಚೇರಿಗಳು ಶುರುವಾಗುವುದೇ ನಾಟದಿಂದ, ಗಣಪತಿಯ ಮೇಲಿನ ಕೃತಿಯಿಂದ. ತ್ಯಾಗರಾಜರ ಪಂಚರತ್ನದಲ್ಲಿ ಮೊದಲನೆಯದು ನಾಟ, ನಾಲ್ಕನೆಯದು ವರಾಳಿ. ಐದರಲ್ಲಿ ಎರಡು ವಿವಾದಿ. ವರಾಳಿಯನ್ನು ಗುರು ನೇರವಾಗಿ ಶಿಷ್ಯನಿಗೆ ಕಲಿಸಬಾರದು, ಕಲಿಸಿದರೆ ಇಬ್ಬರ ಸಂಬಂಧ ಕೆಡುತ್ತೆ ಅಂತ ಒಂದು ನಂಬಿಕೆ ಬೇರೆ ಇದೆ. ಆದರೂ ವರಾಳಿ ಬದುಕಿದೆ. ಶಿಷ್ಯರು ಹೇಗೋ ಕಲಿಯುತ್ತಾರೆ.

ಅವರು ಅದನ್ನು ಹೇಗೆ ನಿಭಾಯಿಸುತ್ತಾರೆ ಗಮನಿಸಿ. ಆ ರಿಷಭವನ್ನು ತಂದು ಬೋಳಾಗಿ ನಿಲ್ಲಿಸುವುದಿಲ್ಲ. ಗಮಕ ಕೊಡುತ್ತಾರೆ, ಅಂದರೆ ಸ್ವರವನ್ನು ಅಲುಗಿಸುತ್ತಾರೆ, ತೂಗುತ್ತಾರೆ, ಪಕ್ಕದ ಗಾಂಧಾರದ ನೆರಳಿನಲ್ಲಿ ಇಟ್ಟು ಹಾಡುತ್ತಾರೆ. ಅದು ಬರುವ ಮೊದಲೇ ರಾಗ ಕಿವಿಯನ್ನು ಸಜ್ಜು ಮಾಡಿರುತ್ತದೆ. ಆಮೇಲೆ ಅದಿಲ್ಲದೆ ನಾಟ ನಾಟವೇ ಅಲ್ಲ ಅನ್ನಿಸುತ್ತೆ.

ನಾನು ‘ಆಬ್ಸೊನೆಂಟ್’ ಅನ್ನು ಬೋಳಾಗಿ ನಿಲ್ಲಿಸಿದ್ದೆ. ಸಂಸ್ಥೆಯ ಇತಿಹಾಸ, ಜಮಾಖರ್ಚು, ಅಧ್ಯಕ್ಷರ ಪಟ್ಟಿ, ಇವುಗಳ ನಡುವೆ. ಅದಕ್ಕೆ ಗಮಕ ಎಲ್ಲಿಂದ ಬರಬೇಕು?

ಆಮೇಲೆ ಒಂದು ಸಲ ಇದೇ ಪದವನ್ನು ಮತ್ತೆ ಬಳಸಿದೆ. ಚಟ ಬಿಡುವುದಿಲ್ಲ ನೋಡಿ. ಒಂದು ಕಥೆಯ ಅನುವಾದ. ಅದರಲ್ಲಿ ಒಬ್ಬ ರಿಟೈರ್ಡ್ ಗುಮಾಸ್ತರು. ಬ್ರಿಟಿಷ್ ಸಾಹೇಬನ ಕೈಕೆಳಗೆ ಎರಡು ವರ್ಷ ಇದ್ದದ್ದನ್ನೇ ನಲವತ್ತು ವರ್ಷ ಹೇಳಿಕೊಂಡು ತಿರುಗಿದವರು. ಮದುವೆ ಮನೆಯಲ್ಲಿ ಓಲಗದವರು ಜೋರಾಗಿ ಬಾರಿಸುತ್ತಿದ್ದಾರೆ. ಇವರು ಪಕ್ಕದವರ ಕಡೆ ಬಾಗಿ, ಎಲೆ ಅಡಿಕೆ ಬಾಯಲ್ಲಿ ಇಟ್ಟುಕೊಂಡೇ, ಗ್ರಾಂಥಿಕವಾದ ಒಂದು ಸಂಸ್ಕೃತ ಪದ ಉದುರಿಸುತ್ತಾರೆ. ಪಕ್ಕದವರು ‘ಹೌದೌದು, ಚೆನ್ನಾಗಿ ಬಾರಿಸುತ್ತಿದ್ದಾರೆ’ ಅನ್ನುತ್ತಾರೆ. ಅಲ್ಲಿ ‘ಎ ಟ್ರೈಫಲ್ ಆಬ್ಸೊನೆಂಟ್, ಡೋಂಟ್ ಯು ಥಿಂಕ್?’ ಅಂತ ಹಾಕಿದೆ. ಆ ಪದ ಯಾರಿಗೂ ತಿಳಿಯದಿದ್ದರೇ ಅಲ್ಲಿ ಒಳ್ಳೆಯದು. ಪಕ್ಕದವರಿಗೆ ತಿಳಿಯಲಿಲ್ಲ ಅನ್ನುವುದೇ ಕಥೆಯ ಗಮ್ಮತ್ತು. ಓದುಗರಿಗೂ ತಿಳಿಯದಿದ್ದರೆ ಅವರೂ ಪಕ್ಕದ ಕುರ್ಚಿಯಲ್ಲಿ ಕೂತ ಹಾಗಾಯಿತು. ಈ ಸಲ ಪ್ರೂಫ್ ನೋಡುವವರಿಗೆ ಅಂಚಿನಲ್ಲಿ ಪೆನ್ಸಿಲ್‌ನಿಂದ ‘ಇದು ಸರಿ ಇದೆ, ಮುಟ್ಟಬೇಡಿ’ ಅಂತ ಬರೆದೆ. ಕಂಪ್ಯೂಟರ್ ಕೆಂಪು ಗೆರೆ ಎಳೆದೇ ಎಳೆಯಿತು. ಅದಕ್ಕೆ ಏನು ಬರೆದರೂ ತಿಳಿಯುವುದಿಲ್ಲ.

ಈಗ ಮೇಷ್ಟ್ರ ವಿಷಯ.

ಸಂಚಿಕೆ ಬಂದ ವಾರದೊಳಗೆ ಅವರ ಮನೆಗೆ ಹೋದೆ. ಕ್ಷಮೆ ಕೇಳದೆ ನಿದ್ದೆ ಬರುತ್ತಿರಲಿಲ್ಲ. ಆಗಲೇ ಅವರಿಗೆ ಎಂಬತ್ತು ದಾಟಿತ್ತು. ಜಗುಲಿಯ ಮೇಲೆ ಕೂತಿದ್ದರು. ಸಂಚಿಕೆ ಪಕ್ಕದಲ್ಲೇ ಇತ್ತು. ಕನ್ನಡದ್ದೂ ಓದಿದ್ದರು, ಇಂಗ್ಲಿಷಿನದೂ ಓದಿದ್ದರು. ನಾನು ಶುರು ಮಾಡಿದೆ. ‘ಮೇಷ್ಟ್ರೇ, ಅದು ಆಬ್ಸೊನೆಂಟ್ ಅಂತ ಇತ್ತು, ಲ್ಯಾಟಿನ್ ಮೂಲದ್ದು, ಅಚ್ಚಿನಲ್ಲಿ...’

ಅವರು ಪೂರ್ತಿ ಕೇಳಿದರು. ಆಮೇಲೆ ಅಂದರು: ‘ಅಲ್ಲಪ್ಪಾ, ನಾನು ಹೋಗಿದ್ದೆ. ರಿಜಿಸ್ಟರಿನಲ್ಲಿ ಸಹಿ ಇದೆ. ಬೇಕಾದರೆ ತೆಗೆಸಿ ನೋಡು.’

‘ಗೊತ್ತು ಮೇಷ್ಟ್ರೇ.’

‘ಮತ್ತೆ ಯಾಕೆ ಅಷ್ಟು ದೂರ ಹೋದೆ? ನಾನು ಬೇಡ ಅಂದೆ. ಅಷ್ಟೇ ತಾನೇ ನಡೆದದ್ದು?’

ಒಳಗಿನಿಂದ ಅಮ್ಮನವರು ಕಾಫಿ ತಂದರು. ಲೋಟ ಕೆಳಗಿಟ್ಟು ಸಂಚಿಕೆ ತೆರೆದು ನೋಡಿದೆ. ಆ ಪುಟದಲ್ಲಿ ‘ಆಬ್ಸೆಂಟ್’ ಅನ್ನುವುದರ ಮೇಲೆ ಕೆಂಪು ಶಾಯಿಯಲ್ಲಿ ಒಂದೇ ಗೆರೆ. ಅದರ ಮೇಲುಗಡೆ, ಹಾಜರಿ ಪುಸ್ತಕದಲ್ಲಿ ಬರೆದು ಬರೆದು ಪಳಗಿದ ದುಂಡು ಅಕ್ಷರದಲ್ಲಿ, ‘ಪ್ರೆಸೆಂಟ್’ ಅಂತ ತಿದ್ದಿದ್ದರು.